ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ 11ನೇ ಸರದಿ ಸಿಕ್ಕಿದೆ, ಮೊದಲು ಪಿಚರ್ ತೆಗೆದುಕೊಳ್ಳಲಾ?

ಆಫೀಸಿನವರ 12 ತಂಡಗಳ ಲೀಗ್, ಸ್ನೇಕ್ ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸುವುದು, ಪ್ರತಿ ಸುತ್ತಿಗೂ ಸರದಿ ಹಿಂದುಮುಂದಾಗುತ್ತದೆ), ಒಳ್ಳೆಯ ಪಿಚರ್ (ಚೆಂಡು ಎಸೆಯುವವನು) ಒಬ್ಬನನ್ನು ಮೊದಲೇ ಹಿಡಿದುಬಿಡಲಾ ಅಂತ ಕೇಳಿದ್ದೀರಿ. ಬೇಡ. ಮೊದಲ ಎರಡೂ ಸರದಿಗೆ ಬ್ಯಾಟರ್‌ಗಳನ್ನೇ ತೆಗೆದುಕೊಳ್ಳಿ.

ಪಂದ್ಯದ ಶುರುವಿಗೆ ಎಸೆಯುವ ಸ್ಟಾರ್ಟಿಂಗ್ ಪಿಚರ್ ಐದಾರು ದಿನಕ್ಕೊಮ್ಮೆ ಎಸೆಯುತ್ತಾನೆ, ಬ್ಯಾಟರ್ ಹೆಚ್ಚುಕಮ್ಮಿ ದಿನಾ ಆಡುತ್ತಾನೆ. ಮೇಲಾಗಿ ಪಿಚರ್ ಮೊಣಕೈಯನ್ನು ನಂಬುವ ಹಾಗಿಲ್ಲ. 2023ರಲ್ಲಿ ಜೇಕಬ್ ಡಿಗ್ರಾಮ್ 6 ಪಂದ್ಯಕ್ಕೇ ಸರ್ಜರಿಗೆ ಹೋದರು. 2024ರಲ್ಲಿ ಎಲ್ಲರೂ ಮುಗಿಬಿದ್ದು ತೆಗೆದುಕೊಂಡ ಸ್ಪೆನ್ಸರ್ ಸ್ಟ್ರೈಡರ್ ಆಡಿದ್ದು ಎರಡೇ ಪಂದ್ಯ. ಬ್ಯಾಟರ್‌ಗೂ ಪೆಟ್ಟಾಗುತ್ತದೆ, ನಿಜ. ಅದೇ ವರ್ಷ ರೊನಾಲ್ಡ್ ಅಕುನ್ಯಾ 49 ಪಂದ್ಯ ಆಡಿ ಮಂಡಿಗೆ ಪೆಟ್ಟಾಗಿ ಹೊರಗೆ ಹೋದರು. ಆದರೂ ಪಿಚರ್‌ಗಳಿಗೆ ಆಗುವಷ್ಟಿಲ್ಲ.

ಈಗ ನಿಮ್ಮ ಸರದಿಯ ವಿಷಯ. ಇದು ನಮ್ಮ ಕ್ರಿಕೆಟ್ ಆಪ್‌ಗಳ ಹಾಗಲ್ಲ, ಒಬ್ಬ ಆಟಗಾರ ಒಂದು ತಂಡಕ್ಕೆ ಹೋದರೆ ಮುಗಿಯಿತು, ಉಳಿದವರಿಗೆ ಸಿಗಲ್ಲ. ನೀವು 11ನೆಯವರಾಗಿ ಒಬ್ಬನನ್ನು ಆರಿಸುತ್ತೀರಿ, ಸ್ನೇಕ್ ತಿರುಗುವುದರಿಂದ ಮುಂದಿನದು 14, ಆಮೇಲೆ ಸೀದಾ 35. ಮಧ್ಯೆ 20 ಜನ ಖಾಲಿ! ಹಾಗಾಗಿ 14ರಲ್ಲಿ ಇರುವಾಗಲೇ 35ರ ತನಕ ಯಾವ ಜಾಗದವರು ಉಳಿಯಲ್ಲ ಅಂತ ಯೋಚಿಸಬೇಕು. ಇನ್ನೊಂದು ಅನುಕೂಲ ನಿಮಗಿದೆ, ಇದನ್ನು ಬಹಳ ಜನ ನೋಡುವುದೇ ಇಲ್ಲ. 35 ಮತ್ತು 38ರ ಮಧ್ಯೆ ಆರಿಸುವುದು ಒಂದೇ ತಂಡ, 12ನೆಯವರದ್ದು. ಅವರ ಹತ್ತಿರ ಆಗಲೇ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ಮಧ್ಯೆ ನಿಲ್ಲುವ ಫೀಲ್ಡರ್) ಇದ್ದರೆ, ನಿಮಗೆ ಬೇಕಾದ ಶಾರ್ಟ್‌ಸ್ಟಾಪ್‌ನನ್ನು 38ಕ್ಕೆ ಬಿಟ್ಟು 35ರಲ್ಲಿ ಪಿಚರ್ ತೆಗೆದುಕೊಳ್ಳಬಹುದು. ಪ್ರತಿ ಸಲ ಸರದಿ ಬಂದಾಗಲೂ ಅವರ ಪಟ್ಟಿಯನ್ನು ತೆರೆದು ನೋಡಿ.

ಎಂಥ ಬ್ಯಾಟರ್ ಬೇಕು? ಹೋಮ್ ರನ್ನೂ ಹೊಡೆಯಬೇಕು, ಬೇಸೂ ಕದಿಯಬೇಕು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಬೇಕು (ಇದೇ ಸ್ಟೀಲ್). 2023ರಲ್ಲಿ ಬೇಸ್‌ಗಳನ್ನು 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು, ಪಿಚರ್ ಬೇಸ್‌ನತ್ತ ಎಸೆದು ರನ್ನರ್‌ನನ್ನು ಹೆದರಿಸುವುದಕ್ಕೂ ಮಿತಿ ಹಾಕಿದರು, ಹಾಗಾಗಿ ಸ್ಟೀಲ್‌ಗಳು 2022ರ 2,486ರಿಂದ ಒಂದೇ ವರ್ಷದಲ್ಲಿ 3,503ಕ್ಕೆ ಏರಿದವು. ಈಗ ಸ್ಟೀಲ್ ಮಾಡುವವರು ತುಂಬಾ ಜನ ಇದ್ದಾರೆ. ಬರೀ ಓಡುವವನಿಗೆ ಒಳ್ಳೆಯ ಸರದಿಯನ್ನು ಸುಮ್ನೆ ಹಾಳು ಮಾಡಬೇಡಿ.

ಕ್ಲೋಸರ್‌ಗಳಿಗೂ (ಕೊನೆಯಲ್ಲಿ ಬಂದು ಗೆಲುವು ಉಳಿಸುವ ಪಿಚರ್‌ಗಳು, ಹಾಗೆ ಉಳಿಸಿದರೆ ಅವರ ಲೆಕ್ಕಕ್ಕೆ ಒಂದು ಸೇವ್) ಆತುರ ಬೇಡ. ಸೀಸನ್ ಮಧ್ಯದಲ್ಲಿ ತಂಡಗಳು ಕ್ಲೋಸರ್ ಬದಲಾಯಿಸುತ್ತಲೇ ಇರುತ್ತವೆ, ಆಗ ಡ್ರಾಫ್ಟ್ ಆಗದೆ ಉಳಿದವರಲ್ಲೇ ಸೇವ್ ಸಿಗುತ್ತದೆ. ಕೊನೆಯ ಸರದಿಗಳಲ್ಲಿ ಸೇಫ್ ಅನಿಸುವ ಹಳಬರ ಬದಲು ಈಗಷ್ಟೇ ಮೇಲೆ ಬಂದ ಹುಡುಗರನ್ನು ನೋಡಿ. ಆಡದಿದ್ದರೆ ಬಿಟ್ಟರಾಯಿತು ಅಲ್ವಾ.

ಲೀಗ್ ನಿಯಮ ಮಾತ್ರ ಇವತ್ತೇ ಓದಿ. ಬ್ಯಾಟಿಂಗೂ ಪಿಚಿಂಗೂ ಎರಡೂ ಮಾಡುವ ಒಹ್ತಾನಿ 2025ರಲ್ಲಿ ಯಾಹೂನ ಫ್ಯಾಂಟಸಿ ಆಟದಲ್ಲಿ ಬ್ಯಾಟರ್ ಒಬ್ಬ, ಪಿಚರ್ ಇನ್ನೊಬ್ಬ ಅಂತ ಎರಡು ಬೇರೆ ಆಟಗಾರರಾಗಿದ್ದರು. ಬ್ಯಾಟಿಂಗ್ ಆವರೇಜ್ ಬದಲು ಆನ್-ಬೇಸ್ ಲೆಕ್ಕ (ವಾಕ್ ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್ ಕೂಡ ಸೇರುವ ಲೆಕ್ಕ) ಇಟ್ಟಿದ್ದರಂತೂ ಪಟ್ಟಿಯೇ ಬದಲಾಗುತ್ತದೆ. ಹ್ವಾನ್ ಸೊಟೊ 2021ರಿಂದ 2025ರ ತನಕ ಪ್ರತಿ ವರ್ಷ ನೂರಕ್ಕಿಂತ ಜಾಸ್ತಿ ವಾಕ್ ಪಡೆದವರು. ಅಂಥ ಲೀಗ್‌ನಲ್ಲಿ ಅವರು 11ರ ತನಕ ನಿಮಗೆ ಸಿಗುವುದು ಕಷ್ಟ, ಆದರೆ ಸಿಕ್ಕರೆ ಎರಡನೇ ಯೋಚನೆ ಮಾಡಬೇಡಿ.