ಇಂಗ್ಲಿಷ್ ಸಾಹಿತ್ಯದ ಇಸವಿಗಳು ತಲೆಯಲ್ಲಿ ನಿಲ್ಲುತ್ತಿಲ್ಲ ಎಂದವರಿಗೆ

ಮೇಡಂ, ನೀವು ಕೇಳಿದ್ದು ಎರಡು ವಿಷಯ. ಚಾಸರ್‌ನಿಂದ ಎಲಿಯಟ್‌ವರೆಗೆ ಯುಗಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೂ ಅಣಕು ಪರೀಕ್ಷೆಯಲ್ಲಿ ಇಸವಿ, ಲೇಖಕರು ಅದಲುಬದಲಾಗುತ್ತಿದ್ದಾರೆ ಎನ್ನುವುದು ಒಂದು. ಸಾನೆಟ್ಟಿನ (ಸಾಮಾನ್ಯವಾಗಿ 14 ಸಾಲಿನ ಕವಿತೆ) ಸಾಲು ಎಣಿಸಿದರೆ ಹತ್ತು ಅಕ್ಷರ ಬರುತ್ತಿಲ್ಲ, ಒತ್ತು ಎಲ್ಲಿ ಬೀಳುತ್ತದೆಂದು ತಿಳಿಯುತ್ತಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಪರಿಹಾರ ಇದೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ ಪಟ್ಟಿಯನ್ನು ಬದಿಗಿಡಿ. ಗೈಡುಗಳಲ್ಲಿ ಬರುವ ಪಟ್ಟಿ ಒಂದು ಪುಸ್ತಕಕ್ಕೆ ಒಂದೇ ಇಸವಿ ಕೊಡುತ್ತದೆ. ಪ್ರಶ್ನೆ ತೆಗೆಯುವವರಿಗೆ ಗೊತ್ತಿರುವುದು ಬೇರೆ: ಪುಸ್ತಕಕ್ಕೆ ಮೂರು ಇಸವಿ ಇರುತ್ತವೆ. ಬರೆದದ್ದು, ಅಚ್ಚಾದದ್ದು, ಕಥೆ ನಡೆಯುವುದು. ತಪ್ಪು ಉತ್ತರಗಳಲ್ಲಿ ಬಹಳಷ್ಟು ಹುಟ್ಟುವುದು ಈ ಮೂರು ಕಲಸಿಹೋಗುವುದರಿಂದಲೇ. ಹಾಗಾಗಿ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಅಂಕಣ ಗೆರೆ ಹಾಕಿ.

ಮ್ಯಾಕ್‌ಬೆತ್ ತೆಗೆದುಕೊಳ್ಳಿ. ಬರೆದದ್ದು ಸುಮಾರು 1606, ಕಥೆ ಹನ್ನೊಂದನೇ ಶತಮಾನದ ಸ್ಕಾಟ್ಲೆಂಡಿನದು, ಅಚ್ಚಾದದ್ದು 1623. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616, ಅಂದರೆ ಅವನು ಈ ನಾಟಕವನ್ನು ಅಚ್ಚಿನಲ್ಲಿ ನೋಡಲೇ ಇಲ್ಲ. ಅವನ ನಾಟಕ ಕಂಪನಿಯ ಜೊತೆಗಾರರಾದ ಹೆಮಿಂಗ್ಸ್ ಮತ್ತು ಕಾಂಡೆಲ್ ಸೇರಿ ತಂದ ಫಸ್ಟ್ ಫೋಲಿಯೊ ಎಂಬ ನಾಟಕ ಸಂಗ್ರಹದಲ್ಲಿ 36 ನಾಟಕ. ಅದರಲ್ಲಿ 18 ಅದೇ ಮೊದಲ ಸಲ ಅಚ್ಚಾದವು: ಮ್ಯಾಕ್‌ಬೆತ್, ಟೆಂಪೆಸ್ಟ್, ಜೂಲಿಯಸ್ ಸೀಸರ್, ಟ್ವೆಲ್ಫ್ತ್ ನೈಟ್ ಎಲ್ಲ ಇದರಲ್ಲೇ. ‘ಷೇಕ್ಸ್‌ಪಿಯರ್ ಬರೆದ ನಾಟಕ ಎಷ್ಟು’ ಎಂಬ ಪ್ರಶ್ನೆಗೆ ಒಂದು ಕಡೆ 36, ಒಂದು ಕಡೆ 37, ಇನ್ನೊಂದು ಕಡೆ 38 ಎಂದು ಕಂಡು ತಲೆಕೆಡಿಸಿಕೊಳ್ಳಬೇಡಿ. ಫೋಲಿಯೊದಲ್ಲಿ ಇಲ್ಲದ ಪೆರಿಕ್ಲಿಸ್ ಸೇರಿಸಿದರೆ 37, ಇನ್ನೊಬ್ಬ ನಾಟಕಕಾರ ಫ್ಲೆಚರ್ ಜೊತೆ ಬರೆದ ಟೂ ನೋಬಲ್ ಕಿನ್ಸ್‌ಮೆನ್ ಕೂಡ ಸೇರಿಸಿದರೆ 38. ಪ್ರಶ್ನೆಯಲ್ಲಿ ‘ಫೋಲಿಯೊ’ ಎಂಬ ಪದ ಇದೆಯೇ ಎಂದು ಮೊದಲು ನೋಡಿ.

ವರ್ಡ್ಸ್‌ವರ್ತನ ಪ್ರಿಲ್ಯೂಡ್ ಇನ್ನೂ ಒಳ್ಳೆಯ ಬಲೆ. 1805ರಲ್ಲಿ 13 ಭಾಗಗಳಲ್ಲಿ ಮುಗಿಸಿ, ಆಮೇಲೆ ಜೀವನಪೂರ್ತಿ ತಿದ್ದುತ್ತಲೇ ಇದ್ದ. ಅಚ್ಚಾದದ್ದು 1850ರಲ್ಲಿ, ಅವನು ಸತ್ತ ಮೂರು ತಿಂಗಳಿಗೆ, 14 ಭಾಗಗಳಾಗಿ. ಆ ಹೆಸರನ್ನೂ ಇಟ್ಟವಳು ಅವನ ಹೆಂಡತಿ ಮೇರಿ. ಭಾಗಗಳ ಸಂಖ್ಯೆ ಕೇಳಿದಾಗ ಯಾವ ಆವೃತ್ತಿ ಎಂದು ನೋಡದೆ ಗುರುತು ಹಾಕಬೇಡಿ. ಮಿಲ್ಟನ್ನನ ಪ್ಯಾರಡೈಸ್ ಲಾಸ್ಟ್‌ನದೂ ಇದೇ ಕಥೆ: 1667ರಲ್ಲಿ 10 ಭಾಗ, 1674ರಲ್ಲಿ ಅದೇ ಕಾವ್ಯ 12 ಭಾಗ. ಹಾಪ್ಕಿನ್ಸ್ 1889ರಲ್ಲೇ ತೀರಿಕೊಂಡ, ಕವಿತೆಗಳನ್ನು ರಾಬರ್ಟ್ ಬ್ರಿಜಸ್ ಅಚ್ಚು ಹಾಕಿಸಿದ್ದು 1918ರಲ್ಲಿ. ಅದಕ್ಕೇ ಅವನನ್ನು ಕೆಲವು ಪುಸ್ತಕ ವಿಕ್ಟೋರಿಯನ್ನರ ಜೊತೆ, ಕೆಲವು ಆಧುನಿಕರ ಜೊತೆ ಕೂರಿಸುತ್ತವೆ. ಮಿಡಲ್‌ಮಾರ್ಚ್ ಬಂದದ್ದು 1871-72, ಕಥೆ 1829-32ರದು. ಜೇಮ್ಸ್ ಜಾಯ್ಸ್‌ನ ಯುಲಿಸಿಸ್ ಬಂದದ್ದು 1922, ಕಥೆ ನಡೆಯುವುದು 1904ರ ಜೂನ್ 16ರ ಒಂದೇ ದಿನ.

ಎಲ್ಲ ಇಸವಿ ಬೇಡ. ದನ ಕಟ್ಟುವ ಹಾಗೆ ಎಂಟು ಗೂಟ ಹೊಡೆಯಿರಿ, ಉಳಿದದ್ದನ್ನು ಹತ್ತಿರದ ಗೂಟಕ್ಕೆ ಕಟ್ಟಿ. 1400 ಚಾಸರ್ ಸಾವು. 1476 ವೆಸ್ಟ್‌ಮಿನ್ಸ್ಟರಿನಲ್ಲಿ ಕ್ಯಾಕ್ಸ್‌ಟನ್ನನ ಅಚ್ಚುಕೂಟ. 1564 ಷೇಕ್ಸ್‌ಪಿಯರ್, ಮಾರ್ಲೊ ಇಬ್ಬರ ಹುಟ್ಟು. 1642 ನಾಟಕಶಾಲೆಗಳಿಗೆ ಬೀಗ. 1660 ದೊರೆ ಎರಡನೇ ಚಾರ್ಲ್ಸ್ ವಾಪಸು, ಬೀಗ ತೆಗೆದರು. 1798 ಲಿರಿಕಲ್ ಬ್ಯಾಲಡ್ಸ್ (ಹೆಸರಾದ ಮುನ್ನುಡಿ ಬಂದದ್ದು 1800ರ ಆವೃತ್ತಿಗೆ, ಇದೂ ಒಂದು ಮಾಮೂಲಿ ಬಲೆ). 1837 ವಿಕ್ಟೋರಿಯಾ ಪಟ್ಟಕ್ಕೆ. 1922 ಯುಲಿಸಿಸ್ ಮತ್ತು ಟಿ.ಎಸ್. ಎಲಿಯಟ್‌ನ ವೇಸ್ಟ್ ಲ್ಯಾಂಡ್.

ಗೂಟ ಗಟ್ಟಿಯಾದ ಮೇಲೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಜೇನ್ ಆಸ್ಟಿನ್‌ಳನ್ನು ವಿಕ್ಟೋರಿಯನ್ ಎಂದು ಬರೆಯುವವರು ಈಗಲೂ ಇದ್ದಾರೆ. ಆಸ್ಟಿನ್ ತೀರಿಕೊಂಡದ್ದು 1817, ವಿಕ್ಟೋರಿಯಾ ಹುಟ್ಟಿದ್ದೇ 1819! ಬೈರನ್, ಶೆಲ್ಲಿ, ಕೀಟ್ಸ್ ಮೂವರಿಗೆ ಒಂದು ಸುಲಭದ ಗುರುತು: ಹುಟ್ಟಿದ್ದು ಇದೇ ಸಾಲಿನಲ್ಲಿ, 1788, 1792, 1795. ಸತ್ತದ್ದು ತಿರುಗುಮುರುಗಾಗಿ: ಕೀಟ್ಸ್ 1821, ಶೆಲ್ಲಿ 1822, ಬೈರನ್ 1824. ಕೊನೆಗೆ ಹುಟ್ಟಿದವನೇ ಮೊದಲು ಹೋದ.

ಹೆಸರಿನ ಗೊಂದಲಕ್ಕೆ ನಮ್ಮ ಲಿಪಿಯೂ ಒಂದು ಕಾರಣ. ಕನ್ನಡದಲ್ಲಿ ಇಬ್ಬರೂ ‘ಜಾನ್ಸನ್’. ನಾಟಕಕಾರ ಬೆನ್ ಜಾನ್ಸನ್ (1572-1637) ತನ್ನ ಹೆಸರಿನಲ್ಲಿ ‘ಎಚ್’ ಬರೆಯುವುದಿಲ್ಲ. 1755ರಲ್ಲಿ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ (1709-84) ಬರೆಯುತ್ತಾನೆ. ಆದ್ದರಿಂದ ಹೆಸರುಗಳನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಕಾಗುಣಿತದಲ್ಲೇ ಬರೆದುಕೊಳ್ಳಿ. ಬ್ರಾಂಟೆ ಅಕ್ಕತಂಗಿಯರ ಗುಪ್ತನಾಮಕ್ಕೂ ಇದು ಬೇಕು. ಷಾರ್ಲೆಟ್ ಎಂದರೆ ಕರರ್ ಬೆಲ್, ಎಮಿಲಿ ಎಂದರೆ ಎಲ್ಲಿಸ್ ಬೆಲ್, ಆ್ಯನ್ ಎಂದರೆ ಆ್ಯಕ್ಟನ್ ಬೆಲ್. ಇಂಗ್ಲಿಷಿನಲ್ಲಿ ಸಿಗೆ ಸಿ, ಇಗೆ ಇ, ಎಗೆ ಎ ಸರಿಯಾಗಿ ಹೊಂದುತ್ತದೆ. ಕನ್ನಡದಲ್ಲಿ ‘ಷಾ’ಗೂ ‘ಕ’ಗೂ ಸಂಬಂಧವೇ ಕಾಣದು. ಮೂವರ ಕಾದಂಬರಿಯೂ 1847ರಲ್ಲಿ ಬಂದವು, ಒಂದೇ ಸಾಲಿನಲ್ಲಿ ಬರೆದಿಡಿ. ಜಾರ್ಜ್ ಎಲಿಯಟ್ ಹೆಣ್ಣು, ನಿಜನಾಮ ಮೇರಿ ಆ್ಯನ್ ಇವಾನ್ಸ್, ತೀರಿಕೊಂಡದ್ದು 1880. ಟಿ.ಎಸ್. ಎಲಿಯಟ್ ಹುಟ್ಟಿದ್ದು 1888, ಅಮೆರಿಕದ ಸೇಂಟ್ ಲೂಯಿಯಲ್ಲಿ.

ಕನ್ನಡದಲ್ಲಿ ಆಗಲೇ ಗೊತ್ತಿರುವುದನ್ನೂ ಬಳಸಿಕೊಳ್ಳಿ. ಕಿಂದರಿಜೋಗಿ ಬಾಯಿಗೆ ಬಂದರೆ ಅದರ ಮೂಲ ಬರೆದ ಬ್ರೌನಿಂಗ್, ಅದು ಬಂದ 1842 ನೆನಪಾಗಬೇಕು. ಬಿಎಂಶ್ರೀ ಅವರ ‘ಕರುಣಾಳು ಬಾ ಬೆಳಕೆ’ಯ ಮೂಲ ನ್ಯೂಮನ್ನನದು, ಇಟಲಿಯಿಂದ ಮರಳುವಾಗ ಹಡಗಿನಲ್ಲಿ 1833ರಲ್ಲಿ ಬರೆದದ್ದು. ಇಂಗ್ಲೆಂಡಿನ ಚರ್ಚಿನೊಳಗೆ ನ್ಯೂಮನ್ ಮುಂದಾಳಾಗಿದ್ದ ಆಕ್ಸ್‌ಫರ್ಡ್ ಚಳವಳಿ ಶುರುವಾದದ್ದೂ ಅದೇ ವರ್ಷ. ಒಂದೇ ಹಾಡಿಗೆ ಎರಡು ಉತ್ತರ.

ಇನ್ನು ಸಾನೆಟ್. ನಮ್ಮ ಕಿವಿ ಲಘು ಗುರು ಎಣಿಸಿ ಪಳಗಿದೆ, ತೊಡಕಾಗುವುದು ಅಲ್ಲೇ. ಷೇಕ್ಸ್‌ಪಿಯರ್‌ನ 18ನೇ ಸಾನೆಟ್ಟಿನ ಮೊದಲ ಸಾಲನ್ನು ಬಿಡಿಸಿ ಬರೆಯೋಣ: ಶಲ್, ಐ, ಕಂ, ಪೇರ್, ದೀ, ಟು, ಅ, ಸಮ್, ಮರ್ಸ್, ಡೇ. ಹತ್ತು. ನಮ್ಮ ಲೆಕ್ಕದಲ್ಲಿ ‘ಕಂ’ ಗುರು, ‘ದೀ’ ಕೂಡ ಗುರು. ಇಂಗ್ಲಿಷಿನಲ್ಲಿ ಎರಡಕ್ಕೂ ಒತ್ತಿಲ್ಲ. ಅಲ್ಲಿ ಸ್ವರ ದೀರ್ಘವೋ ಹ್ರಸ್ವವೋ ಮುಖ್ಯವಲ್ಲ, ಉಸಿರು ಎಲ್ಲಿ ಬಲವಾಗಿ ಬೀಳುತ್ತದೆ ಎನ್ನುವುದೇ ಮುಖ್ಯ. ಮಾಡುವ ಕ್ರಮ ಹೀಗೆ: ಮೊದಲು ಬಾಯಲ್ಲಿ ಕೇಳಿಸುವ ಸ್ವರಗಳನ್ನು ಮಾತ್ರ ಎಣಿಸಿ. ಆಮೇಲೆ ಒಂದಕ್ಕಿಂತ ಹೆಚ್ಚು ಸ್ವರ ಇರುವ ಪದಗಳಿಗೆ ಮಾತ್ರ ನಿಘಂಟು ನೋಡಿ ಒತ್ತಿನ ಗುರುತು ಹಾಕಿ. ಇಲ್ಲಿ ಅಂಥವು ಎರಡೇ. ‘ಕಂಪೇರ್’ನಲ್ಲಿ ಒತ್ತು ‘ಪೇರ್’ ಮೇಲೆ, ಅದು ನಾಲ್ಕನೆಯ ಸ್ಥಾನ. ‘ಸಮ್ಮರ್ಸ್’ನಲ್ಲಿ ‘ಸಮ್’ ಮೇಲೆ, ಅದು ಎಂಟನೆಯದು. ಎರಡೂ ಸಮಸಂಖ್ಯೆ ತಾನೆ? ಹಾಗಾದರೆ ಸಾಲು ಐಯಾಂಬಿಕ್ (ಒತ್ತಿಲ್ಲದ್ದು, ಒತ್ತಿನದು ಎಂದು ಜೋಡಿಜೋಡಿಯಾಗಿ ಸಾಗುವ ಲಯ), 2, 6, 10ರ ಜಾಗವೂ ತಾನಾಗಿ ಸಿಕ್ಕಿತು. ಒಂಟಿ ಸ್ವರದ ಪದಗಳಿಂದ ಶುರು ಮಾಡಿದರೆ ಮಾತ್ರ ದಾರಿ ತಪ್ಪುತ್ತದೆ.

ಅದೇ ಸಾನೆಟ್ಟಿನ ಎರಡನೇ ಸಾಲಿನಲ್ಲಿ (‘ದೌ ಆರ್ಟ್ ಮೋರ್ ಲವ್ಲಿ ಆಂಡ್ ಮೋರ್ ಟೆಂಪರೇಟ್’) ನಿಮಗೆ ಒಂಬತ್ತೇ ಬಂತು ಎಂದಿರಿ, ತಪ್ಪು ಕೊನೆಯ ಪದದ್ದು. ಅದನ್ನು ‘ಟೆಂಪ್ರಿಟ್’ ಎಂದು ಎರಡು ತುಂಡಾಗಿ ಓದಿದ್ದೀರಿ. ನಾಲ್ಕನೇ ಸಾಲಿನ ‘ಡೇಟ್’ ಜೊತೆ ಪ್ರಾಸ ಕೂಡಬೇಕು, ಆದ್ದರಿಂದ ‘ಟೆಂ-ಪ-ರೇಟ್’ ಎಂದು ಮೂರು ತುಂಡಾಗಿ ಓದಿ. ಹತ್ತು ಸರಿಯಾಗುತ್ತದೆ. ಹನ್ನೊಂದು ಬಂದರೂ ಗಾಬರಿ ಬೇಡ: ಹ್ಯಾಮ್ಲೆಟ್ಟನ ‘ಟು ಬಿ’ ಸಾಲಿಗೆ ಹನ್ನೊಂದು, ಕೊನೆಯದು ಒತ್ತಿಲ್ಲದ ಹೆಚ್ಚುವರಿ.

1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರ್‌ನ 154 ಸಾನೆಟ್ಟುಗಳಲ್ಲಿ ಎಲ್ಲವೂ 14 ಸಾಲಿನವು ಎಂಬ ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಎಂದು ಕೇಳಿದರೆ, ತಪ್ಪು. 99ನೆಯದಕ್ಕೆ 15 ಸಾಲು, 126ನೆಯದಕ್ಕೆ 12. 145ನೆಯದರಲ್ಲಿ ಸಾಲಿಗೆ ಎಂಟೇ ಅಕ್ಷರ.

ಈ ಚರ್ಚೆಯಲ್ಲೇ ಒಬ್ಬರು ಷೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರು ಎಂದು ಬರೆದಿದ್ದಾರೆ. ಅದನ್ನು ನೋಟ್‌ಬುಕ್ಕಿಗೆ ಹಾಕಬೇಡಿ. ಆಗ ಸ್ಪೇನಿನಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್ ಇತ್ತು, ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ ಲೆಕ್ಕವನ್ನೇ ಹಿಡಿದಿತ್ತು, ಎರಡಕ್ಕೂ ಹತ್ತು ದಿನ ವ್ಯತ್ಯಾಸ. ಷೇಕ್ಸ್‌ಪಿಯರ್ ತೀರಿಕೊಂಡ ದಿನ, ಇಂಗ್ಲೆಂಡಿನ 1616ರ ಏಪ್ರಿಲ್ 23, ಸ್ಪೇನಿನಲ್ಲಿ ಮೇ 3. ಸರ್ವಾಂಟಿಸ್‌ನನ್ನು ಅಷ್ಟರಲ್ಲಿ ಮಣ್ಣು ಮಾಡಿ ಹತ್ತು ದಿನ ಆಗಿತ್ತು.