ಹಾಲಿನ ಲೆಕ್ಕದ ಪುಸ್ತಕ

(ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಾ ಅಂತ ಕರೆಯೋಣ. ವಯಸ್ಸು 31. ಬಿ.ಕಾಂ. ಓದಿ ಒಂದು ಆಡಿಟ್ ಆಫೀಸಿನಲ್ಲಿ ಕೆಲಸಕ್ಕಿದ್ದಾರೆ. ಬೆಳೆದದ್ದು ಮಂಡ್ಯ ಕಡೆಯ ಹಳ್ಳಿಯಲ್ಲಿ, ಈಗ ಬೆಂಗಳೂರಿನಲ್ಲಿ ಗಂಡ ಮತ್ತು ಅತ್ತೆಯ ಜೊತೆ. ಚೊಚ್ಚಲ ಮಗು, ಹೆಣ್ಣು, ನಾಲ್ಕೂವರೆ ತಿಂಗಳು. ಹೆರಿಗೆ ರಜೆ ಮುಗಿಯಲು ಇನ್ನು ಆರು ವಾರ ಇತ್ತು. "ಪಾಪು ಮಲಗಿದ್ರೂ ನನಗೆ ನಿದ್ದೆ ಬರಲ್ಲ ಮೇಡಂ" ಅಂತ ಫೋನ್ ಮಾಡಿ, ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದರು.

ಕೂತ ಐದು ನಿಮಿಷಕ್ಕೆ ಬ್ಯಾಗಿನಿಂದ ಉದ್ದನೆಯ ಒಂದು ನೋಟ್‌ಬುಕ್ ತೆಗೆದರು. ಸ್ಕೇಲ್ ಇಟ್ಟು ಗೆರೆ ಎಳೆದ ಕಾಲಂಗಳು. ಸಮಯ, ಎಡ, ಬಲ, ಪಂಪ್ ಮಾಡಿದಾಗ ಬಂದ ಹಾಲು ಎಷ್ಟು ಎಂ.ಎಲ್. ಡಬ್ಬಿ ಹಾಲು ಕೊಟ್ಟಿದ್ದು ಕೆಂಪು ಇಂಕಿನಲ್ಲಿ. ರಾತ್ರಿ 11ಕ್ಕೆ ಮೊತ್ತ. ಪುಟದ ಕೊನೆಗೆ 'ಕೊರತೆ' ಅಂತ ಒಂದು ಸಂಖ್ಯೆ. ಮರುದಿನದ ಪುಟದ ಮೊದಲ ಸಾಲಿನಲ್ಲಿ ಅದೇ ಸಂಖ್ಯೆ ಮತ್ತೆ ಇತ್ತು. ಪಕ್ಕದಲ್ಲಿ 'ಹಿಂದಿನ ಬಾಕಿ' ಅಂತ ಬರೆದಿದ್ದರು. ಸುಮಾರು ನೂರು ದಿನದ ಬಾಕಿ ಹಾಗೇ ಸೇರಿಕೊಂಡು ಬಂದಿತ್ತು.

ಮೊದಲ ಭೇಟಿಯಲ್ಲಿ ನಾನು ಅವಸರ ಮಾಡಿದೆ. ಇದನ್ನು ಒಂದು ವಾರ ಮುಚ್ಚಿಡಿ ಅಂದೆ. ಅವರು ಮುಚ್ಚಿಟ್ಟರು, ಆದರೆ ಲೆಕ್ಕ ತಲೆಯೊಳಗೆ ನಡೆಯಿತು. ನಿದ್ದೆ ಇನ್ನೂ ಕಡಿಮೆಯಾಯಿತು. ಹತ್ತು ವರ್ಷದಿಂದ ಲೆಕ್ಕವೇ ಕೆಲಸವಾಗಿರುವವರ ಕೈಯಿಂದ ಪುಸ್ತಕ ಕಿತ್ತುಕೊಂಡರೆ ಇನ್ನೇನಾಗುತ್ತದೆ? ಎರಡನೇ ಸಲ ಬಂದಾಗ ಪುಸ್ತಕ ವಾಪಸ್ ತೆಗೆಯಿರಿ, ಒಟ್ಟಿಗೆ ನೋಡೋಣ ಅಂದೆ.

ಅವತ್ತು ಅವರು ಹೇಳಿದ ಮಾತು ನನ್ನನ್ನು ಬಹಳ ತಟ್ಟಿತು. ಅಕ್ಕನ ಮಗನಿಗೆ ಪರೀಕ್ಷೆಗೆ ಓದಿಸುತ್ತಿದ್ದರಂತೆ. "ಸಸ್ತನಿಗಳ ಲಕ್ಷಣ ಬರೆಯಿರಿ ಅಂತ ಪ್ರಶ್ನೆ. ಮೊದಲನೇ ಉತ್ತರವೇ 'ಮರಿಗಳಿಗೆ ಹಾಲೂಡಿಸುತ್ತವೆ'. ನಾನು ಮೊದಲನೇ ಲಕ್ಷಣದಲ್ಲೇ ಫೇಲ್ ಮೇಡಂ. ಬೀದಿಲಿರೋ ಬೆಕ್ಕಿಗೂ ಆಗತ್ತೆ."

ಸಮಾಧಾನದ ಮಾತು ಆಗ ಉಪಯೋಗಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಪಾಠವನ್ನೇ ಪೂರ್ತಿ ಓದೋಣ ಅಂದೆ. ಸಸ್ತನಿಗಳಿಗೆ ಮೈಮೇಲೆ ಕೂದಲಿರುತ್ತದೆ. ರಕ್ತ ಬಿಸಿ. ಕೆಳದವಡೆ ಎಡಬಲಕ್ಕೆ ಒಂದೊಂದೇ ಮೂಳೆಯದು. ಕಿವಿಯೊಳಗೆ ಮೂರು ಸಣ್ಣ ಮೂಳೆ. ಜಿರಾಫೆಯ ಅಷ್ಟುದ್ದ ಕುತ್ತಿಗೆಯಲ್ಲೂ ನಮ್ಮ ಹಾಗೇ ಏಳೇ ಮೂಳೆ. ಇವೆಲ್ಲ ಗಂಡಿಗೂ ಇವೆ, ಹೆಣ್ಣಿಗೂ ಇವೆ. ಇಷ್ಟೆಲ್ಲ ಇದ್ದರೂ ಗುಂಪಿಗೆ ಸ್ತನದ ಹೆಸರೇ ಯಾಕೆ ಬಂತು? ಲ್ಯಾಟಿನ್‌ನಲ್ಲಿ ಆ ಹೆಸರಿಟ್ಟವರು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್, 1758ರಲ್ಲಿ. ಅದಕ್ಕೂ ಮೊದಲು ಅವರೇ ಈ ಗುಂಪನ್ನು 'ನಾಲ್ಕು ಕಾಲಿನವು' ಅಂತ ಕರೆಯುತ್ತಿದ್ದರು. ಅವರು ವೈದ್ಯರೂ ಹೌದು. ತಾಯಂದಿರು ಮಗುವನ್ನು ಹಾಲೂಡಿಸುವ ದಾದಿಯರಿಗೆ ಕೊಡಬಾರದು, ತಾವೇ ಕುಡಿಸಬೇಕು ಅಂತ 1752ರಲ್ಲೇ ಬರೆದಿದ್ದರು. ಹೆಸರಿನ ಹಿಂದೆ ಆ ಕಾಲದ ಒಂದು ವಾದವೂ ಇತ್ತು ಅಂತ ನನಗೆ ಅನ್ನಿಸುತ್ತದೆ.

ಹಾಲೂಡಿಸುವುದಕ್ಕಾದರೂ ಒಂದೇ ಅಳತೆ ಇದೆಯಾ? ಮೊಲ ದಿನಕ್ಕೆ ಸುಮಾರು ಒಂದೇ ಸಲ, ಕೆಲವೇ ನಿಮಿಷ ಹಾಲು ಕೊಟ್ಟು ಹೋಗುತ್ತದೆ. ಉತ್ತರದ ಹಿಮಸಮುದ್ರದ ಹೂಡೆಡ್ ಸೀಲ್ ನಾಲ್ಕೇ ದಿನ ಕುಡಿಸುತ್ತದೆ. ಒರಾಂಗುಟಾನ್ ಆರು ವರ್ಷ ದಾಟಿದರೂ ಬಿಡಿಸುವುದಿಲ್ಲ. ಆಸ್ಟ್ರೇಲಿಯದ ಪ್ಲಾಟಿಪಸ್ ಮೊಟ್ಟೆ ಇಡುತ್ತದೆ, ಅದಕ್ಕೆ ಮೊಲೆತೊಟ್ಟೇ ಇಲ್ಲ. ಹಾಲು ಚರ್ಮದಲ್ಲಿ ಜಿನುಗುತ್ತದೆ, ಮರಿ ಅದನ್ನು ಹೀರಿಕೊಳ್ಳುತ್ತದೆ. ಆನೆಯ ಮರಿಯನ್ನು ಹಿಂಡಿನ ಅಕ್ಕ, ಚಿಕ್ಕಮ್ಮಂದಿರು ಸೇರಿ ಕಾಯುತ್ತಾರೆ. ಸುಮಾ ಸುಮ್ಮನೆ ಕೇಳುತ್ತಿದ್ದವರು ಆನೆಯ ಮಾತಿಗೆ ತಲೆ ಎತ್ತಿದರು.

ಅಲ್ಲಿಂದ ಅವರ ಪುಸ್ತಕಕ್ಕೆ ಬಂದೆವು. ಇಂಥ ಲೆಕ್ಕ ಎಲ್ಲಿ ಕಲಿತಿರಿ ಅಂತ ಕೇಳಿದೆ. ಆಫೀಸು ಅನ್ನುತ್ತಾರೆ ಅಂದುಕೊಂಡಿದ್ದೆ. "ಡೈರೀಲಿ ಮೇಡಂ" ಅಂದರು. ಬೆಳಿಗ್ಗೆ ಆರಕ್ಕೆ ಅವ್ವನ ಜೊತೆ ಕ್ಯಾನ್ ಹಿಡಿದು ಹಾಲಿನ ಡೈರಿಗೆ ಹೋಗುವುದು, ಸಂಜೆ ಮತ್ತೆ ಹೋಗುವುದು. ಪಾಸ್‌ಬುಕ್ಕಿನಲ್ಲಿ ಲೀಟರ್, ಫ್ಯಾಟ್, ರೂಪಾಯಿ. ಫ್ಯಾಟ್ ಕಮ್ಮಿ ಬಂದ ದಿನ ಅವ್ವನ ಮುಖ ಸಣ್ಣಗಾಗುತ್ತಿತ್ತಂತೆ.

ಹಾಲಿನ ಲೆಕ್ಕ ಬಹಳ ಹಳೆಯದು. ಈಗಿನ ಇರಾಕ್‌ನ ಉರುಕ್‌ನಲ್ಲಿ ಸಿಕ್ಕ ಐದು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಲೆಕ್ಕವೇ: ಧಾನ್ಯ, ಕುರಿ, ದನ. ಸಾವಿರ ವರ್ಷ ಈಚಿನ ಹಲಗೆಗಳಲ್ಲಿ ಒಂದು ಹಸುವಿಗೆ ವರ್ಷಕ್ಕೆ ಇಷ್ಟು ತುಪ್ಪ, ಇಷ್ಟು ಚೀಸ್ ಬರಲೇಬೇಕು ಅಂತ ನಿಗದಿ ಇದೆ. ಅದೇ ಕಾಲದಲ್ಲಿ ಕೆಲಸ ಮಾಡಿಸುವ ಮೇಸ್ತ್ರಿಯ ಲೆಕ್ಕದಲ್ಲಿ ಕೊರತೆ ಬಿದ್ದರೆ ಅದನ್ನು ಮುಂದಿನ ಅವಧಿಗೆ ಹೊರಿಸುತ್ತಿದ್ದರು. ಮೇಸ್ತ್ರಿ ಸತ್ತರೆ ಸಾಲ ಮನೆಯವರ ತಲೆಗೆ. ನಿಮ್ಮ ಪುಸ್ತಕದ ಮೊದಲ ಸಾಲು ಅದೇ ಅಲ್ವಾ ಅಂದೆ. ಸುಮಾ ತುಂಬ ಹೊತ್ತು ಆ 'ಹಿಂದಿನ ಬಾಕಿ'ಯನ್ನೇ ನೋಡುತ್ತಿದ್ದರು. ನಿನ್ನೆ 60 ಎಂ.ಎಲ್. ಕಮ್ಮಿ ಬಂತು ಅಂತ ಪಾಪು ಇವತ್ತು ಅಮ್ಮನ ಹತ್ತಿರ ವಸೂಲಿ ಮಾಡುವುದಿಲ್ಲ. ಡಬ್ಬಿ ಹಾಲು ಕುಡಿದು ನಿನ್ನೆಯೇ ಅದರ ಹೊಟ್ಟೆ ತುಂಬಿತ್ತು.

ಇನ್ನೊಂದು ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇಟಲಿಯ ವ್ಯಾಪಾರಿಗಳು 1300ರ ಆಸುಪಾಸಿಗೇ ಡಬಲ್ ಎಂಟ್ರಿಯಲ್ಲಿ, ಅಂದರೆ ಪ್ರತಿ ವ್ಯವಹಾರವನ್ನೂ ಪಡೆದ ಕಡೆ, ಕೊಟ್ಟ ಕಡೆ ಎರಡರಲ್ಲೂ ನಮೂದಿಸಿ, ಲೆಕ್ಕ ಬರೆಯುತ್ತಿದ್ದರು. 1494ರಲ್ಲಿ ವೆನಿಸ್‌ನಲ್ಲಿ ಪಾದ್ರಿ ಲೂಕಾ ಪಾಚೋಲಿ ಅದನ್ನು ತಮ್ಮ ಗಣಿತದ ಪುಸ್ತಕದಲ್ಲಿ ಸೇರಿಸಿ ಅಚ್ಚು ಹಾಕಿಸಿದರು. ಕಾಮರ್ಸ್ ಓದಿದವರೆಲ್ಲ ಬಾಯಿಪಾಠ ಮಾಡಿದ ನಿಯಮ ಒಂದಿದೆ: ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ಈ ಪುಸ್ತಕದಲ್ಲಿ ಪಡೆದವರು ಪಾಪು. ಕೊಟ್ಟವರು ಯಾರ್ಯಾರು ಅಂತ ಕೇಳಿದೆ. "ನಾನೊಬ್ಬಳೇ" ಅಂದರು. ನಿಮ್ಮ ಆಫೀಸಿಗೆ ಇಂಥ ಪುಸ್ತಕ ಬಂದಿದ್ದರೆ ಸಹಿ ಹಾಕುತ್ತಿದ್ದಿರಾ? ಇಲ್ಲ ಅಂತ ತಲೆ ಆಡಿಸಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋಗಿ ಪಾಪುವಿನ ತೂಕ ನೋಡಿಸಿ ಅಂದೆ. ತೂಕ ಸರಿಯಾಗಿ ಏರುತ್ತಿತ್ತು. ದಿನಕ್ಕೆ ಆರೇಳು ಸಲ ಚಡ್ಡಿ ಒದ್ದೆಯಾಗುತ್ತಿತ್ತು. ಪಂಪಿಗೆ ಬರುವ ಹಾಲು ಮಗು ಕುಡಿಯುವ ಹಾಲಿನ ಅಳತೆಯಲ್ಲ ಅಂತ ಡಾಕ್ಟರೇ ವಿವರಿಸಿದರು. ಆತಂಕದಲ್ಲಿದ್ದರೆ ಹಾಲು ಇಳಿಯುವುದೇ ತಡವಾಗುತ್ತದೆ ಅಂತಲೂ ಹೇಳಿದರು. ಬಾಣಂತಿಯರ ಖಿನ್ನತೆ ಗುರುತಿಸಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನ ಇದೆ. ಅದರಲ್ಲಿ ಸುಮಾ ಅವರ ಅಂಕ ಗಡಿಯಲ್ಲಿತ್ತು. ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆ ಬೇಕಾಗಲಿಲ್ಲ, ಆದರೆ ಎರಡು ವಾರಕ್ಕೊಮ್ಮೆ ಅವರು ನೋಡುತ್ತಿದ್ದರು. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಅಂತ ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆಸಿದೆ. ಇದನ್ನು ಓದುತ್ತಿರುವ ಬಾಣಂತಿಯರೂ ಬರೆದಿಟ್ಟುಕೊಳ್ಳಿ.

ಪುಸ್ತಕ ಮುಂದುವರಿಯಲಿ, ಆದರೆ ಹಿಂದಿನ ಬಾಕಿ ಎಳೆಯುವುದು ಬೇಡ ಅಂದೆ. ಎಂ.ಎಲ್. ಕಾಲಂ ಬೇಡ, 'ಕೊಟ್ಟವರು' ಅಂತ ಒಂದು ಹೊಸ ಕಾಲಂ ಇರಲಿ. ರಾತ್ರಿ ಎರಡರ ಹಾಲು ಗಂಡನ ಪಾಲಿಗೆ ಬಂತು. ಸುಮಾಗೆ ಐದು ಗಂಟೆ ಒಂದೇ ಸಮನೆ ನಿದ್ದೆ ಸಿಗಲಿ ಅಂತ. ಆಫೀಸಿಗೆ ವಾಪಸ್ ಹೋದ ಮೇಲೂ ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. ಲೆಕ್ಕ ಬಲ್ಲವರಾದರೂ ಇದು ಅವರಿಗೆ ಗೊತ್ತಿರಲಿಲ್ಲ.

ಮೂರನೇ ಭೇಟಿಗೆ ಅತ್ತೆಯೂ ಬಂದರು. ಸಬ್ಬಸಿಗೆ ಸೊಪ್ಪು ತಿನ್ನು, ಬೆಳ್ಳುಳ್ಳಿ ತಿನ್ನು ಅಂತ ಅವರು ದಿನಾ ಹೇಳುತ್ತಿದ್ದದ್ದು ಸೊಸೆಗೆ ದೂರಿನ ಹಾಗೆ ಕೇಳಿಸುತ್ತಿತ್ತು. ಪುಸ್ತಕದಲ್ಲಿ ತಮ್ಮ ಹೆಸರು ಕಂಡು ಅವರಿಗೆ ಅಚ್ಚರಿಯಾಯಿತು. 'ಬೆ. 9.30, ಎಣ್ಣೆ ನೀರು, ಕೊಟ್ಟವರು ಅತ್ತೆ. 11ರಿಂದ 1, ಮಡಿಲಲ್ಲಿ ನಿದ್ದೆ, ಅತ್ತೆ.' ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸೊಪ್ಪಿನ ಮಾತು ಪೂರ್ತಿ ನಿಂತಿಲ್ಲ. ಡಬ್ಬಿ ಹಾಲಿನ ಬಗ್ಗೆ ಅವರಿಗೆ ಈಗಲೂ ಅಸಮಾಧಾನ ಇದೆ.

ಕೆಲಸಕ್ಕೆ ಸೇರಿ ಒಂದು ತಿಂಗಳಾದ ಮೇಲೆ ಸುಮಾ ಮತ್ತೊಮ್ಮೆ ಬಂದರು. ಐದು ಗಂಟೆ ನಿದ್ದೆ ಬರುತ್ತಿದೆ ಅಂದರು. ಊರಿಗೆ ಹೋದಾಗ ಅವ್ವನ ಹಳೆಯ ಡೈರಿ ಪಾಸ್‌ಬುಕ್ ಹುಡುಕಿ ತಂದಿದ್ದರು. ಅಂಚೆಲ್ಲ ಕಂದಿತ್ತು. ನಡುವೆ ಎರಡು ತಿಂಗಳು ಒಂದೂ ನಮೂದಿರಲಿಲ್ಲ. ಹಸು ಗಬ್ಬದಲ್ಲಿದ್ದು ಕರು ಹಾಕುವ ಮೊದಲು ಹಾಲು ಬತ್ತಿಸಿದ ದಿನಗಳು ಅವು. "ಆಗ ಅವ್ವ ಅದಕ್ಕೆ ಹಿಂಡಿ ಜಾಸ್ತಿ ಹಾಕ್ತಿದ್ಲು ಮೇಡಂ" ಅಂತ ಹೇಳಿ, ಆ ಖಾಲಿ ಪುಟವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು.