ಕರ್ಮ ಅಂತಿದ್ರೆ ಕ್ರಮ ಅಂತ ಓದ್ತಾನೆ

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು ಡಾಕ್ಟ್ರೇ. ಮಂಡಕ್ಕಿ-ಮಿರ್ಚಿ ಅಂಗಡೀಲಿ ಚಿಲ್ಲರೆ ಲೆಕ್ಕ ಪಟಾಪಟ್ ಹೇಳ್ತಾನೆ, ಪುಸ್ತಕ ಕೊಟ್ರೆ ತಡವರಿಸ್ತಾನೆ, ‘ಕರ್ಮ’ ಇದ್ರೆ ‘ಕ್ರಮ’ ಅಂತಾನೆ. ಟೀಚರು ಡಿಸ್ಲೆಕ್ಸಿಯಾ, ಅಂದ್ರೆ ಓದೋದ್ರಲ್ಲಿ ಬರೆಯೋದ್ರಲ್ಲಿ ಆಗೋ ತೊಂದ್ರೆ, ಇರಬೋದು ಅಂದ್ರು. ತಲೆ ಸ್ಕ್ಯಾನ್ ಮಾಡಿಸ್ಲಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಸ್ಕ್ಯಾನಿಗೆ ದುಡ್ಡು ಸುರೀಬೇಡಿ ತಾಯಿ, ಡಿಸ್ಲೆಕ್ಸಿಯಾನ ಸ್ಕ್ಯಾನಲ್ಲಿ ಕಂಡುಹಿಡಿಯಲ್ಲ, ಓದಿಸಿ ಬರೆಸಿ ಟೆಸ್ಟ್ ಮಾಡ್ತಾರೆ, ಅದಕ್ಕೂ ಮುಂಚೆ ಕಣ್ಣು ಕಿವಿ ತೋರಿಸ್ಕೊಂಡ್ ಬನ್ನಿ. ಸಂಶೋಧನೆಗೆ ಅಂತ, ಮಿದುಳಿನ ಯಾವ ಜಾಗ ಕೆಲಸ ಮಾಡ್ತಿದೆ ಅಂತ ತೋರಿಸೋ ಎಫ್‌ಎಂಆರ್‌ಐ ಮಾಡಿ ನೋಡಿದಾಗ, ಸಲೀಸಾಗಿ ಓದೋ ಮಕ್ಕಳಲ್ಲಿ ಎಡ ಮಿದುಳಿನ ಹಿಂಭಾಗದ ಎರಡು ಜಾಗ ಚುರುಕಾಗಿರುತ್ತೆ, ಒಂದು ಅಕ್ಷರಕ್ಕೆ ಶಬ್ದ ಜೋಡಿಸೋದು, ಇನ್ನೊಂದು ಇಡೀ ಪದಾನ ನೋಡಿದ ತಕ್ಷಣ ಗುರುತು ಹಿಡಿಯೋದು. ಡಿಸ್ಲೆಕ್ಸಿಯಾ ಇರೋರಲ್ಲಿ ಇವೆರಡೂ ಸಾಮಾನ್ಯವಾಗಿ ಕಮ್ಮಿ ಕೆಲಸ ಮಾಡ್ತವೆ, ಅದಕ್ಕೇ ನಿಮ್ಮ ಹುಡುಗನಂಥೋರು ನಿನ್ನೆ ಓದಿದ ಪದಾನೂ ಇವತ್ತು ಮೊದಲಿಂದ ಕೂಡಿಸ್ಕೊಂಡು ಓದ್ಬೇಕಾಗುತ್ತೆ. ಬುದ್ಧಿ ಕಮ್ಮಿ ಅಂತಲ್ಲ, ಚಿಲ್ಲರೆ ಲೆಕ್ಕಾನೇ ಸಾಕ್ಷಿ! (ನಮ್ ಕನ್ನಡದ ಅರ್ಕಾವತ್ತು ಬೇರೆ, ದೊಡ್ಡೋರನ್ನೇ ಆಟ ಆಡಿಸುತ್ತೆ.) ಶಬ್ದ ಬಿಡಿಸಿ ಜೋಡಿಸೋ ತರಬೇತಿ ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಓದು ಸುಧಾರಿಸುತ್ತೆ, ಮಿದುಳಿನ ಆ ಚಟುವಟಿಕೆನೂ ಬದಲಾಗೋದು ಕಂಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆನೂ ಸೇರಿದೆ, ಸರ್ಟಿಫಿಕೇಟ್ ವಿಚಾರ ಟೆಸ್ಟ್ ಮಾಡೋ ಕಡೆನೇ ಕೇಳ್ಕೊಳ್ಳಿ. ಅಲ್ಲೀತನಕ ಜೋರಾಗಿ ಓದು ಅಂತ ಅವನನ್ನ ಎಲ್ಲರ ಮುಂದೆ ಮಾತ್ರ ಎದ್ದು ನಿಲ್ಲಿಸ್ಬೇಡಿ.